ಪತಂಗದ ಊರು

ನಮ್ಮ ಸರ್ ಮಾತಿನ ನಡುವೆ ಉಸಿರು ಬಿಡಬೇಕಾದರೆ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರು. ಹೊಸಬರು ಇದನ್ನು ಸೊಕ್ಕು ಅಂದುಕೊಳ್ಳುತ್ತಿದ್ದರು. ಸೊಕ್ಕಲ್ಲ, ಕಸುಬಿನ ರೂಢಿ. ಜೋಳದ ಕಾಳಿಗಿಂತ ಸಣ್ಣ ಪತಂಗದ ರೆಕ್ಕೆ ಬಿಡಿಸಿ ಸೂಜಿ ಚುಚ್ಚುವವರು ಎದುರಿಗೇ ಉಸಿರು ಬಿಟ್ಟರೆ ಅದು ಹಾರಿ ಸವದತ್ತಿ ಸೇರೀತು!

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದ ಕಾಲೇಜೊಂದಕ್ಕೆ ನಾನು ಹಂಗಾಮಿ ಡೆಮಾನ್‌ಸ್ಟ್ರೇಟರಾಗಿ ಸೇರಿದಾಗ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಬಾರಿ ಗಿಡದ, ಅಂದರೆ ಬೋರೆಹಣ್ಣಿನ ಗಿಡದ, ಎಲೆಯೊಳಗೆ ಸುರಂಗ ಕೊರೆಯುವ ಒಂದು ಹುಳುವಿನ ಬೆನ್ನು ಹತ್ತಿದ್ದರು. ತೊರಗಲ್ ಗುಡ್ಡದಿಂದ, ಮನೋಳಿಯ ಹೊಳೆದಂಡೆಯಿಂದ ಎಲೆ ತಂದು, ಗಾಜಿನ ಭರಣಿಯಲ್ಲಿಟ್ಟು, ಪತಂಗ ಹೊರಬರುವವರೆಗೆ ಕಾಯುವುದು. ಹೆಣ್ಣುಮಗಳಾದ ನಾನೂ ಜೊತೆಗೆ ಹೋಗುತ್ತಿದ್ದೆ. “ಬಣ್ಣಾ ನೋಡಿ ಕುಲಾ ಹೇಳಬ್ಯಾಡ್ರಿ ಬಾಯಾರ, ರೆಕ್ಕಿ ನರಾ ನೋಡ್ರಿ” ಎನ್ನುತ್ತಿದ್ದರು.

ಪ್ರತಿ ಪತಂಗದ ಕೆಳಗೆ ಊರು, ದಿನ, ಗಿಡದ ಹೆಸರಿನ ಚೀಟಿ ಬರೆಯುವುದು ನನ್ನ ಕೆಲಸ. ಒಮ್ಮೆ ಒಂದು ಭರಣಿಯ ಗುರುತು ಅಳಿಸಿಹೋಗಿತ್ತು. ಕೇಳಲು ನಾಚಿಕೆಯಾಗಿ, ಅಂದಾಜಿನ ಮೇಲೆ ಮನೋಳಿ ಎಂದು ಬರೆದೆ. ಅವರು ಚೀಟಿಯನ್ನು ನಂಬಿದರು.

ಜಾತಿ ಗುರುತಿಸಲೆಂದು ಪತಂಗಗಳನ್ನು ಕಳಿಸಿದ್ದ ಕಲಕತ್ತೆಯ ತಜ್ಞರಿಂದ ಪತ್ರ ಬಂತು. ಇದು ಹೊಸ ಜಾತಿಯಲ್ಲ, ಆದರೆ ರಾಜಸ್ಥಾನದ ಒಣನೆಲದಲ್ಲಷ್ಟೇ ಇದೆ ಅಂದುಕೊಂಡಿದ್ದೆವು. ಹೊಳೆದಂಡೆಯ ಹಸಿನೆಲದಲ್ಲೂ ಸಿಕ್ಕಿದ್ದು ದೊಡ್ಡ ಸಂಗತಿ, ಲೇಖನ ಬರೆಯಿರಿ ಎಂದಿದ್ದರು. ಸರ್ ವಿಭಾಗಕ್ಕೆಲ್ಲ ಚಹಾ ತರಿಸಿದರು. ಎರಡು ದಿನ ನಾನು ಅವರ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡೆ. ಮೂರನೆಯ ದಿನ, ಕೆಲಸ ಹೋದರೆ ಹೋಗಲಿ ಎಂದು ಹೇಳಿಬಿಟ್ಟೆ.

ಅಲ್ಲೇ ಇದ್ದ ಸಹೋದ್ಯೋಗಿಯೊಬ್ಬರು, “ಬಿಡ್ರಿ ಸರ್, ಕಲಕತ್ತಾದವರು ಮನೋಳಿಗೆ ಬಂದು ನೋಡತಾರೇನು?” ಅಂದರು.

“ಯಾರೂ ಬರೂದಿಲ್ರಿ. ಅದಕ್ಕ ಸುಳ್ಳ ಬರೀಬಾರ್ದು.”

ಕೂತಲ್ಲೇ ಕಾಗದ ತೆಗೆದು, ಚೀಟಿಯ ತಪ್ಪು ತಮ್ಮದೇ, ಮನೋಳಿಯನ್ನು ತೆಗೆದುಹಾಕಿ ಎಂದು ಬರೆದು ತಾವೊಬ್ಬರೇ ಸಹಿ ಮಾಡಿದರು. ಲೇಖನ ಅಲ್ಲಿಗೇ ನಿಂತಿತು. ನನ್ನನ್ನು ಬೈಯಲಿಲ್ಲ. “ನಾಳಿ ಮುಂಜಾನೆ ಮನೋಳಿ ಬಸ್ ಹಿಡಿಯೂಣು. ಐತೋ ಇಲ್ಲೋ ನೋಡೇಬಿಡೂಣು” ಅಂದರು. ಎರಡು ವರ್ಷ ಹುಡುಕಿದೆವು, ಸಿಗಲಿಲ್ಲ. ಅವರಂಥ ಗಟ್ಟಿ ಮನುಷ್ಯರನ್ನು ನಾನು ಮತ್ತೆ ಕಂಡಿಲ್ಲ.

ಅವರು ತೀರಿಕೊಂಡು ವರ್ಷವಾದ ಮೇಲೆ ಕಲಕತ್ತೆಯಿಂದ ಪತಂಗಗಳ ಪಟ್ಟಿಯೊಂದು ಅಚ್ಚಾಗಿ ಬಂತು. ಅಷ್ಟು ವರ್ಷಗಳ ದುಡಿಮೆಗೆ ಅದರಲ್ಲಿ ಸಿಕ್ಕಿದ್ದು ಒಂದೇ ಸಾಲು: ತೊರಗಲ್, ಬಾರಿ ಗಿಡ. ಸಂಗ್ರಹಿಸಿದವರು ಎಂಬಲ್ಲಿ, ಅವರು ಬರೆದು ಕಳಿಸಿದ್ದಂತೆಯೇ, ಎರಡು ಹೆಸರುಗಳಿದ್ದವು. ಮೊದಲನೆಯದು ನನ್ನದು.