ಟೈಮಿಂಗ್ ಬೆಲ್ಟಿನ ಚಾಕ್ ಗುರುತು

ಕಾರುಳ್ಳ ಮಹನೀಯರೇ, ಕಾರಿಲ್ಲದ ಪುಣ್ಯವಂತರೇ, ಇಂದು ಮಧ್ಯಾಹ್ನ ಗುಬ್ಬಿಯಲ್ಲಿ ನನ್ನ ಕಾರಿನ ಇಂಜಿನ್ ತೀರಿಕೊಂಡಿತು.

ಟೈಮಿಂಗ್ ಬೆಲ್ಟ್ ಬದಲಿಸುವಾಗ ಅದು ಸುತ್ತುವ ಹಲ್ಲಿನ ಚಕ್ರಗಳ ಗುರುತು ಕೂಡದಿದ್ದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಕಂಪನಿಯ ಗುರುತು ಸವೆದಿತ್ತು. ಹಳೆಯ ಬೆಲ್ಟ್ ಬಿಚ್ಚಿಟ್ಟು ನಮಾಜಿಗೆ ಹೋಗಿದ್ದ ಮೆಕ್ಯಾನಿಕ್ ರಹಮತ್ ಸಾಬರು, ಬಂದು ಹೊಸದನ್ನು ಅಂದಾಜಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿದರು. ಟಕ್ಕೆಂದಿತು. ವಾಲ್ವ್ ಬಗ್ಗಿತು, ನನ್ನ ಎದೆ ಕುಗ್ಗಿತು.

"ಬಿಚ್ಚೋಕ್ ಮುಂಚೆ ಚಾಕ್‌ಪೀಸಲ್ಲಿ ಗುರ್ತು ಹಾಕ್ದಂಗಿತ್ತು ಸಾರ್. ಹಾಕೇ ಇಲ್ಲ, ಮರೆತಿದೀನಿ. ಮೂವತ್ತು ವರ್ಷದ ಕೈ ಇದು. ಸಾಕು, ನಾಳೆಯಿಂದ ಶೆಡ್ ಬಾಗ್ಲು ತೆಗೆಯಲ್ಲ ಬುಡಿ" ಎಂದು ಸಾಬರು ನೆಲದ ಮೇಲೇ ಕೂತುಬಿಟ್ಟರು.

"ವಯಸ್ಸಾಯ್ತಲ್ಲ ಸಾಬ್ರೇ" ಎಂದೆ, ಬಹಳ ಉದಾರವಾಗಿ.

ಅವರು ಗುರುತು ಹಾಕಿದ್ದರು. ನಾಳೆ ಆಯುಧಪೂಜೆ ಅಲ್ಲವೇ ಎಂದು, ಅವರು ನಮಾಜಿಗೆ ಹೋದಾಗ ಬಟ್ಟೆ ಹಿಡಿದು ಇಂಜಿನ್ ಒರೆಸಿದವನು ನಾನು.