ಕೆಂಪು ಪಟ್ಟಿ ಕಟ್ಟಿದ ಗಿಡ

ಕೃಷಿ ಕಾಲೇಜಿನ ಕೊನೆಯ ವರ್ಷದ ಮಕ್ಕಳನ್ನು ಕೆಲವು ತಿಂಗಳು ಹಳ್ಳಿಗೆ ಕಳಿಸುತ್ತಾರೆ. ರೈತರ ಮನೆಯಲ್ಲಿದ್ದು ಕೆಲಸ ಕಲಿಯಬೇಕು. ನಡುನಡುವೆ ಮೇಷ್ಟ್ರು ಬಂದು ಎಷ್ಟು ಕಲಿತರು ಅಂತ ನೋಡಿ ಮಾರ್ಕ್ಸ್ ಹಾಕುತ್ತಾರೆ. ಕಾಫಿ ಸೀಮೆಯಲ್ಲಿ, ಕೆ. ಹೊಸಕೋಟೆ ಕಡೆಯ ನಮ್ಮ ಮನೆಗೂ ಒಬ್ಬಳು ಬಂದಳು, ಮಂಡ್ಯ ಕಡೆಯ ಹುಡುಗಿ. ಬಂದ ದಿನವೇ ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದ್ದಕ್ಕೆ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಇವಳು ವಾರ ನಿಲ್ಲುವುದಿಲ್ಲ ಎಂದುಕೊಂಡೆ. ನಿಂತಳು.

ಮೇಷ್ಟ್ರು ಮೊದಲ ಸಲ ಬಂದಾಗ ಅವಳಿಗೆ ಜ್ವರ. ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲ, ಮಾರ್ಕ್ಸ್ ತೀರ ಕಡಿಮೆ ಬಿತ್ತು. ಎರಡನೇ ಸಲ ಬರುವ ಹಿಂದಿನ ದಿನ ಒಲೆ ಮುಂದೆ ಕೂತು ಹೇಳಿದಳು:

"ಅಜ್ಜಿ, ನಾಳೆನೂ ಕೆಟ್ರೆ ಮುಂದಿನ್ ವರ್ಷ ಮತ್ತೆ ಇದನ್ನೇ ಮಾಡ್ಬೇಕು. ನಮ್ಮಪ್ಪ ಇನ್ನೊಂದ್ ವರ್ಷ ಓದ್ಸಲ್ಲ. ಕಾಲೇಜ್ ಬುಟ್ಟು ಬಾ ಅಂತಾನೆ."

"ಸುಮ್ನೆ ತಿನ್ನು. ರೊಟ್ಟಿ ಆರೋಯ್ತದೆ," ಎಂದೆ. ನನ್ನ ತಟ್ಟೆಯ ರೊಟ್ಟಿಯನ್ನೂ ಅವಳ ತಟ್ಟೆಗೆ ಹಾಕಿದೆ.

ಮೇಷ್ಟ್ರು ವಿಜಯಪುರದ ಕಡೆಯವರು, ನಮ್ಮ ಸೀಮೆಗೆ ಹೊಸಬರು. ಮರುದಿನ ಬಂದು ಹುಡುಗಿಯನ್ನು ಅಂಗಳದಲ್ಲಿ ನಿಲ್ಲಿಸಿ ಏನೇನೋ ಕೇಳಿದರು, ಅವಳು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಹೇಳ್ರಿ ಅಜ್ಜಿ, ದಿನಾ ನೋಡೋರು. ಹುಡುಗಿ ಏನರೆ ಕಲ್ತಾಳೇನ್ರಿ?"

"ಅಯ್ಯೋ, ಅದಕ್ಕೇನ್ ಬತ್ತದೆ ಬುಡಿ ಸಾರ್. ಒಂದ್ ಮಚ್ಚು ಹಿಡಿಯಕ್ ಬರಲ್ಲ. ತಿನ್ನೋದು, ಮಲ್ಗೋದು."

ಹೊರಗಿನವರು ಕೇಳಿದರೆ ಮನೆಯ ಮಗುವಿನ ಬಗ್ಗೆ ನಮ್ಮಲ್ಲಿ ಹೀಗೇ ಹೇಳುವುದು. ಹೊಗಳಿದರೆ ದೃಷ್ಟಿ ತಾಗುತ್ತದೆ. ನನ್ನ ಮಕ್ಕಳನ್ನು ಬೆಳೆಸಿದ್ದೂ ಹೀಗೆ ಬೈದುಕೊಂಡೇ. ಕೇಳಿದವರು ನಗುತ್ತಾರೆ, ಮಗು ಚೂಟಿ ಇದೆ ಅಂತ ತಿಳಿದುಕೊಳ್ಳುತ್ತಾರೆ. ಈ ಮೇಷ್ಟ್ರು ನಗಲಿಲ್ಲ. "ಹೌದೇನ್ರಿ?" ಎಂದು ಹಾಳೆಯಲ್ಲಿ ಬರೆದುಕೊಂಡು, ಇನ್ನೊಬ್ಬ ವಿದ್ಯಾರ್ಥಿಯನ್ನು ನೋಡಲು ಎಸ್ಟೇಟಿನ ಆಚೆಯ ಮನೆಗೆ ಜೀಪು ಹತ್ತಿ ಹೋದರು.

ಹುಡುಗಿ ಗೋಡೆಗೆ ಒರಗಿ ಕುಸಿದಳು. "ಯಾಕಜ್ಜಿ ಹಂಗಂದ್ರಿ? ರೈತ್ರು ಹೇಳೋ ಮಾತಿಗೂ ಮಾರ್ಕ್ಸ್ ಐತೆ."

ಅಂಗಳದ ಅಂಚಿಗೆ ಬಂದು ನೋಡಿದೆ, ಜೀಪು ಆಗಲೇ ತಿರುವು ದಾಟಿತ್ತು.

ರಸ್ತೆಯಲ್ಲಿ ಸುತ್ತಿ ಹೋದರೆ ಜೀಪು ಸಿಗುವುದಿಲ್ಲ. ಎಸ್ಟೇಟಿನ ಒಳದಾರಿ ಹತ್ತಿರ, ಆದರೆ ಅಲ್ಲಿ ಆನೆ ಇದೆ ಎಂದು ಬೆಳಿಗ್ಗೆಯೇ ಮೊಬೈಲಿಗೆ ಸುದ್ದಿ ಬಂದಿತ್ತು. ಕೆಲಸದವರನ್ನೂ ಒಳಗೆ ಬಿಟ್ಟಿರಲಿಲ್ಲ.

"ಅತ್ತೆ, ತಲೆ ಕೆಟ್ಟೈತಾ ನಿಮ್ಗೆ?" ಸೊಸೆ ಕೂಗಿದಳು.

"ಆ ಹುಡ್ಗಿ ಹಿಂದೆ ಬರ್ದಂಗೆ ನೋಡ್ಕೋ," ಎಂದು ಒಳದಾರಿಗೆ ಇಳಿದೆ.

ಧೈರ್ಯ ಗೀರ್ಯ ಏನೂ ಇರಲಿಲ್ಲ. ಆನೆ ಎದುರಾದರೆ ಓಡುವ ಮಂಡಿಯಲ್ಲ ನನ್ನದು. ದಾರಿಗೆ ಅಡ್ಡವಾಗಿ, ಆನೆ ಕೆಡವಿ ತಿನ್ನುವ ಬೈನೆ ಮರ ಒಂದು ಬಿದ್ದಿತ್ತು, ಸೀಳಿದ ಕಡೆ ಇನ್ನೂ ಹಸಿ. ಪಕ್ಕದ ಲದ್ದಿಯಿಂದ ಹಬೆ ಏಳುತ್ತಿತ್ತು. ಕಾಫಿ ಗಿಡಗಳ ಒಳಗೆ ಎಲ್ಲೋ ಕಿವಿ ಬೀಸಿದಂಥ ಸದ್ದು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ. ಉಸಿರು ಬಿಟ್ಟರೂ ಕೇಳಿಸೀತೆಂಬ ಭಯ. ಸದ್ದು ನಿಂತಿತು. ಅದು ಇನ್ನೂ ಕೆಟ್ಟದ್ದು. ಹಿಂದೆ ತಿರುಗದೆ ನಡೆದೆ.

ಆಚೆಯ ಮನೆ ಮುಟ್ಟಿದಾಗ ಮೇಷ್ಟ್ರು ಜೀಪು ಹತ್ತುತ್ತಿದ್ದರು.

"ಸಾರ್, ನಾನ್ ಹೇಳಿದ್ದು ಸುಳ್ಳು. ಹುಡ್ಗಿ ಚೆನ್ನಾಗ್ ಕಲ್ತವ್ಳೆ."

"ಆಗೊಂದು, ಈಗೊಂದು. ಯಾವುದು ನಂಬಲಿ?"

"ನಮ್ಮನೆ ಮಗಾನ ನಾವೇ ಹೊಗಳ್ತೀವಾ ಸಾರ್? ದೃಷ್ಟಿ ಆಗಲ್ವಾ?"

"ನಿಮ್ಮ ದೃಷ್ಟಿಗೆ ನಾ ಹೆಂಗ ಮಾರ್ಕ್ಸ್ ಕೊಡ್ಲಿ ಅಜ್ಜಿ? ಏನರೆ ತೋರಸ್ರಿ."

ಆಗ ಒಂದು ನೆನಪಾಯಿತು. ಹುಡುಗಿ ನಮ್ಮ ತೋಟದಲ್ಲಿ ಕಾಫಿ ಗಿಡಗಳ ಕಾಂಡಕ್ಕೆ ಬೆರಳಾಡಿಸಿ, ಉಬ್ಬು ಸಿಕ್ಕ ಗಿಡಕ್ಕೆಲ್ಲ ಕೆಂಪು ಬಟ್ಟೆಯ ಪಟ್ಟಿ ಕಟ್ಟಿದ್ದಳು. ಒಳಗೆ ಕಾಂಡ ಕೊರೆಯುವ ಹುಳ ಇದೆ, ಕಡಿದು ಸುಡಬೇಕು ಎಂದಿದ್ದಳು. ಎಲೆ ಹಸಿರಾಗಿದೆ, ಕಾಯಿ ತುಂಬಿದೆ, ಹೋಗೇ ಅತ್ಲಾಗೆ ಎಂದು ಬೈದಿದ್ದೆ.

"ಬನ್ನಿ ಸಾರ್. ಅವ್ಳು ಪಟ್ಟಿ ಕಟ್ಟಿರೋದ್ನ ನಿಮ್ಮೆದ್ರಿಗೇ ಕಡೀತೀನಿ. ಹುಳ ಇಲ್ದಿದ್ರೆ ಸೊನ್ನೆ ಕೊಡಿ."

ಜೀಪಿನಲ್ಲಿ ವಾಪಸ್ ಬರುವಾಗ ಆನೆ ದಾರಿಯಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ. ಹುಳ ಇದೆ ಎಂದು ನಾನೇ ನಂಬಿರಲಿಲ್ಲ. ಬಾಯಿ ತಡೆಯದೆ ಎರಡನೇ ಸಲ ಅವಳ ಕುತ್ತಿಗೆ ಕೊಯ್ದುಬಿಟ್ಟೆನೇನೋ.

ತೋಟದಲ್ಲಿ ಹುಡುಗಿ ಒಂದು ಗಿಡ ತೋರಿಸಿದಳು. ಸಾಲಿನಲ್ಲೇ ಹಸಿರಾದ ಗಿಡ.

"ಅದ್ಯಾಕೇ? ಬಾಡಿರೋದು ಯಾವ್ದಾದ್ರೂ ತೋರ್ಸೇ," ಎಂದು ಕಿವಿಯಲ್ಲಿ ಹೇಳಿದೆ.

"ಬಾಡಿದ್ಮೇಲೆ ಯಾರಿಗಾದ್ರೂ ಗೊತ್ತಾಯ್ತದೆ ಅಜ್ಜಿ. ಇದೇ ಕಡೀರಿ."

ಕಡಿದೆ. ಬಿಳಿ ಮರ, ಚೊಕ್ಕ. ಇನ್ನೊಂದು ಏಟು ಹಾಕಿದೆ. ಅಲ್ಲೂ ಏನೂ ಇಲ್ಲ. ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.

"ಇನ್ನೂ ಕೆಳಗೆ," ಎಂದಳು ಹುಡುಗಿ. ಬಗ್ಗಿ ಕಾಂಡದ ಮೇಲೆ ಬೆರಳಿಟ್ಟು ತೋರಿಸಿದಳು.

ಬುಡದ ಹತ್ತಿರ ಕಡಿದು ಸೀಳಿದೆ. ಮರದ ಪುಡಿ ತುಂಬಿದ ಕೊಳವೆ. ಅದರೊಳಗೆ ದಪ್ಪ ಬಿಳಿ ಹುಳ ಹೊರಳುತ್ತಿತ್ತು.

ಮೇಷ್ಟ್ರು ಬಗ್ಗಿ ನೋಡಿ, ಹಳೆಯದನ್ನು ಹೊಡೆದುಹಾಕಿ ಬೇರೆ ಬರೆದರು. "ಪಾಸಾದಿ ನೋಡವ್ವ," ಎಂದರು. ನನ್ನ ಕಡೆ ತಿರುಗಿ, "ಈಗ ಹೇಳ್ರಿ, ಹುಡುಗಿ ಹೆಂಗ?"

"ಪರ್ವಾಗಿಲ್ಲ," ಎಂದೆ. ಅದಕ್ಕಿಂತ ಹೆಚ್ಚು ನನ್ನ ಬಾಯಲ್ಲಿ ಬರಲಿಲ್ಲ.

ಅವಳು ಅಳುತ್ತಾ ನಗುತ್ತಾ ಅಪ್ಪನಿಗೆ ಫೋನ್ ಮಾಡಿದಳು. ನಾನು ತಲೆ ಎತ್ತಿದೆ. ಕಡಿದು ಸುಡಲು ಅವಳು ಎಷ್ಟು ಗಿಡಕ್ಕೆ ಪಟ್ಟಿ ಕಟ್ಟಿದ್ದಾಳೆಂದು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಇಳಿಜಾರಿನ ತುಂಬ ಹಸಿರು ಗಿಡ, ಗಿಡಗಿಡಕ್ಕೂ ಕೆಂಪು ಪಟ್ಟಿ.