ಬಾಲದ ಮೇಷ್ಟ್ರು

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಬಾಲದ ಮೇಷ್ಟ್ರು ಎಂದೇ ಕರೆಯುವುದು, ಏಕೆಂದರೆ ಇಲಿಯ ವೀರ್ಯಾಣುವಿನ ಬಾಲ ಬೆಳೆಯಲು ಯಾವ ಜೀನ್ ಬೇಕು ಎಂದು ಹುಡುಕುವುದರಲ್ಲೇ ಅವರ ತಲೆ ಬೋಳಾಗಿದೆ. ಒಂದು ಜೀನ್ ಕಿತ್ತುಹಾಕಿ, ಏನು ಕೆಟ್ಟಿತು ಎಂದು ಸೂಕ್ಷ್ಮದರ್ಶಕದಲ್ಲಿ ಇಣುಕುವುದು ಅವರ ಕಸುಬು. ನಿಂತಲ್ಲೇ ಗಿರಕಿ ಹೊಡೆಯುವ ವೀರ್ಯಾಣು ಕಂಡರೆ, "ನಮ್ಮ ನಿರ್ದೇಶಕರು ಮೀಟಿಂಗ್ ಶುರು ಮಾಡಿದ್ರು ನೋಡಿ" ಎನ್ನುತ್ತಾರೆ. ತಲೆಯ ಮೇಲಿನ ಒಂದು ಪ್ರೋಟೀನ್ ಇಲ್ಲದೆ, ಅಂಡದವರೆಗೂ ಈಜಿ ಒಳಹೋಗಲಾರದೆ ನಿಂತದ್ದು ಕಂಡರೆ, "ಪಾಪ, ಹೊಸ ಅಳಿಯ. ಇಷ್ಟು ದೂರ ಬಂದು ಬಾಗಿಲು ತಟ್ಟೋಕೆ ನಾಚಿಕೆ" ಎಂದು ಲೊಚಗುಟ್ಟುತ್ತಾರೆ. ಮದುವೆಮನೆಯ ಊಟದಲ್ಲೂ ಇದೇ ಮಾತಾದ್ದರಿಂದ ಅವರ ಪಕ್ಕದ ಕುರ್ಚಿ ಸದಾ ಖಾಲಿ. ಇಂಥ ತಮಾಷೆಯ ಮನುಷ್ಯ ಕೆಂಡವಾಗುವುದು ಒಂದೇ ವಿಷಯಕ್ಕೆ. ಮರಿ ಹಾಕದ ಇಲಿಯ ಗೂಡಿನ ಚೀಟಿಯಲ್ಲಿ ಯಾರಾದರೂ ಆತುರಪಟ್ಟು 'ಹೆಣ್ಣು ಬಂಜೆ' ಎಂದು ಬರೆದರೆ ಮುಗಿಯಿತು, ಚೀಟಿ ಹರಿದು, "ಮೊದಲು ಗಂಡಿಲಿನ ನೋಡಿದ್ಯೇನಮ್ಮ?" ಎಂದು ಸಹಾಯಕಿಯ ಚಳಿ ಬಿಡಿಸುತ್ತಾರೆ. ಹೆಣ್ಣನ್ನು ಬೇರೆ ಗಂಡಿನ ಜೊತೆ ಬಿಟ್ಟು ನೋಡುವವರೆಗೆ ಅದರ ಮೇಲೆ ಒಂದಕ್ಷರ ಬರೆಯುವಂತಿಲ್ಲ. "ಬಿಡಿ ಸರ್, ಇಲಿಗೇನು ಓದೋಕೆ ಬರುತ್ತಾ, ಬೇಜಾರು ಮಾಡ್ಕೊಳ್ಳೋಕೆ" ಎಂದಳು ಅವಳು ಒಮ್ಮೆ. ಮೇಷ್ಟ್ರು ನಗಲಿಲ್ಲ. ಅವರ ತಾಯಿ ಸಾಯುವವರೆಗೂ, ಇಪ್ಪತ್ತೆರಡು ವರ್ಷ, ಸೊಸೆಯನ್ನು ಆ ಪದದಿಂದಲೇ ಕರೆದಿದ್ದರು. ಮೇಷ್ಟ್ರು ತಮ್ಮ ವೀರ್ಯಪರೀಕ್ಷೆಯ ವರದಿಯನ್ನು ಬೀರುವಿನ ಬಟ್ಟೆಗಳಡಿ ಬಚ್ಚಿಟ್ಟು, ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಆ ಬಟ್ಟೆಗಳನ್ನು ಮಡಿಸಿಡುತ್ತಿದ್ದ ಹೆಂಡತಿ ವರದಿಯನ್ನು ಎಂದೋ ಓದಿದ್ದಳು, ಓದಿ ಅದೇ ಮಡಿಕೆಯಲ್ಲಿ ತಿರುಗಿ ಇಟ್ಟಿದ್ದಳು.